ಡೀಪ್ ಟಿಶ್ಯೂ ಮಸಾಜ್‌ಗೆ ಹೋಗುವ ಮುಂಚೆ ಏನು ನೋಡಿಕೊಳ್ಳಬೇಕು?

ಪ್ರಶ್ನೆ (ದಾವಣಗೆರೆ): ಮೇಡಂ, ನಂದು ಬೆಣ್ಣೆ ದೋಸೆ ಹೋಟೆಲ್. ಬೆಳಗ್ಗೆ 6ಕ್ಕೆ ಸೌದೆ ಒಲೆ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಕೈಗೆ ಬಿಡುವಿಲ್ಲ. ಬಲ ಹೆಗಲಿಂದ ಕತ್ತಿನವರೆಗೆ ಕಲ್ಲಿನ ಹಾಗೆ ಬಿಗಿದುಕೊಂಡಿದೆ. ಡೀಪ್ ಟಿಶ್ಯೂ ಮಸಾಜ್ ಮಾಡಿಸು, ಜೀವ ಹೋಗುವ ಹಾಗೆ ನೋಯುತ್ತದೆ, ಆಮೇಲೆ ಹಗುರ ಅಂತಾನೆ ಗೆಳೆಯ. ನಿಜವಾ?

ಉತ್ತರ (ಫಿಸಿಯೋಥೆರಪಿಸ್ಟ್): ಜೀವ ಹೋಗುವ ಹಾಗೆ ನೋಯಬಾರದು ಸರ್. ಎಣ್ಣೆ ಹಚ್ಚಿ ಮೇಲೆ ಮೇಲೆ ಸವರುವ ಮಸಾಜ್ ಅಲ್ಲ ಇದು, ಬೆರಳ ಗೆಣ್ಣು, ಮೊಣಕೈಯಿಂದ ಒಳಗಿನ ಸ್ನಾಯುವಿನ ತನಕ ನಿಧಾನವಾಗಿ ಒತ್ತುತ್ತಾರೆ, ಹಾಗಾಗಿ ಸ್ವಲ್ಪ ನೋವು ಇದ್ದೇ ಇರುತ್ತದೆ. "ಹಾ, ಅಲ್ಲೇ, ಅಲ್ಲೇ" ಅನ್ನಿಸುವ ನೋವು ಸರಿ. ಉಸಿರು ಬಿಗಿಹಿಡಿದು ಹಲ್ಲು ಕಚ್ಚುವಂತಾದರೆ ಜಾಸ್ತಿಯಾಯಿತು, ಸ್ನಾಯು ಸಡಿಲ ಆಗುವ ಬದಲು ಇನ್ನೂ ಬಿಗಿಯುತ್ತದೆ. ಕೈ ಜೋಮು ಹಿಡಿದರೆ, ಕರೆಂಟ್ ಹೊಡೆದಂತಾದರೆ ತಕ್ಷಣ ನಿಲ್ಲಿಸಿ ಅನ್ನಿ. ಸಂಕೋಚ ಯಾಕೆ, ದುಡ್ಡು ಕೊಡುವವರು ನೀವಲ್ವಾ? ಒಂದೆರಡು ದಿನ ಮೈಕೈ ನೋವು ಇರಬಹುದು, ಹಾಗಾಗಿ ಶನಿವಾರ ಮಾಡಿಸಿಕೊಂಡು ಭಾನುವಾರದ ರಷ್‌ಗೆ ನಿಲ್ಲಬೇಡಿ. ಹೊಟ್ಟೆ ತುಂಬ ಮಂಡಕ್ಕಿ ಮಿರ್ಚಿ ತಿಂದು ಹೋಗಿ ಬೋರಲು ಮಲಗುವುದೂ ಬೇಡ. ಮೈಯಲ್ಲಿರುವ ವಿಷವೆಲ್ಲ ಹೊರಗೆ ಹೋಗುತ್ತದೆ ಅಂತ ಹೇಳಿದರೆ ನಂಬಬೇಡಿ, ಆ ಕೆಲಸಕ್ಕೆ ಕಿಡ್ನಿ, ಲಿವರ್ ಇವೆ.

ಅದಿರಲಿ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ? ಅದನ್ನೇ ಬರೆದಿಲ್ಲ.

ಪ್ರಶ್ನೆ ಕೇಳಿದವರು: ಶುಗರ್‌ಗೆ ಒಂದು. ಹೋದ ವರ್ಷ ಸ್ಟೆಂಟ್ ಹಾಕಿದರು, ಅದಕ್ಕೆ ಎರಡು. ಹೆಗಲಿಗೂ ಅದಕ್ಕೂ ಏನು ಸಂಬಂಧ ಅಂತ ಬಿಟ್ಟೆ.

ಉತ್ತರ: ಸಂಬಂಧ ಇದೆ ಸರ್. ಸ್ಟೆಂಟ್ ಆದವರಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತರಹದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಟ್ಟಿರುತ್ತಾರೆ. ಜೋರಾಗಿ ಒತ್ತಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟಬಹುದು. ಹಾಗಂತ ಮಸಾಜ್‌ಗೋಸ್ಕರ ಮಾತ್ರೆ ನಿಲ್ಲಿಸಿಬಿಟ್ಟೀರಿ, ಅದು ಇನ್ನೂ ಅಪಾಯ. ಮೊದಲು ನಿಮ್ಮ ಹಾರ್ಟ್ ಡಾಕ್ಟರನ್ನು ಕೇಳಿ. ಮೆಟ್ಟಿಲು ಹತ್ತುವಾಗ ಹೆಗಲು ನೋವು ಬಂದು ಕೂತರೆ ಹೋಗುತ್ತದಾ? ಜೊತೆಗೆ ಬೆವರು, ಎದೆ ಭಾರ? ಹಾಗಿದ್ದರೆ ಅದು ಹಾರ್ಟ್‌ನಿಂದ ಬರುವ ನೋವಿರಬಹುದು, ಮಸಾಜ್ ಮಾತೇ ಬೇಡ, ಈಗಲೇ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು (ಚಿತ್ರದುರ್ಗ): ಮೇಡಂ, ಭಾನುವಾರ ನೆಂಟರನ್ನು ಕರೆದುಕೊಂಡು ಕೋಟೆ ಹತ್ತಿ ಬಂದೆ, ಮೀನಖಂಡ ಹಿಡಿದುಕೊಂಡಿದೆ. ನಾನು ಮಾಡಿಸಬಹುದಾ?

ಉತ್ತರ: ಎರಡೂ ಕಾಲು ಒಂದೇ ತರಹ ನೋಯುತ್ತಿದ್ದರೆ ಹತ್ತಿದ್ದಕ್ಕೆ ಬಂದ ನೋವು, ಎರಡು ಮೂರು ದಿನ ಸುಮ್ನೆ ಬಿಡಿ. ಒಂದೇ ಕಾಲು ಊದಿ, ಬಿಸಿಯಾಗಿದ್ದರೆ ಉಜ್ಜಲೇಬೇಡಿ. ರಕ್ತನಾಳದಲ್ಲಿ ಹೆಪ್ಪು ಇದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು (ದಾವಣಗೆರೆ): ಮೆಟ್ಟಿಲು ದಿನಾ ಹತ್ತುತ್ತೇನೆ ಮೇಡಂ, ಏನೂ ಆಗಲ್ಲ. ಹಂಚಿನ ಮೇಲೆ ಹಿಟ್ಟು ಸವರುವಾಗಲೇ ಹಿಡಿಯುವುದು.

ಉತ್ತರ: ಹಂಚು ಎಷ್ಟು ಎತ್ತರಕ್ಕಿದೆ? ಮೊಣಕೈಗಿಂತ ಮೇಲಿದ್ದರೆ ಬೆಳಗ್ಗೆಯಿಂದ ಹೆಗಲು ಎತ್ತಿಕೊಂಡೇ ನಿಂತಿರುತ್ತೀರಿ. ಡಾಕ್ಟರನ್ನು ಕೇಳುವಷ್ಟರಲ್ಲಿ ಕಾಲ ಕೆಳಗೆ ಅಲುಗಾಡದ ಹಲಗೆ ಒಂದು ಹಾಕಿಸಿ, ವಾರ ಬಿಟ್ಟು ಬರೆಯಿರಿ.