ಆರ್ಲೆಕಿನೊ ಅಂಗಿಗೆ ವಜ್ರದಾಕಾರದ ತುಂಡುಗಳೇ ಬೇಕೇ?

ಸೂಜಿದಾರ:
ನಮ್ಮ ಹವ್ಯಾಸಿ ತಂಡ ಇಟಲಿಯ ನಾಟಕಕಾರ ಗೋಲ್ಡೋನಿಯ ‘ಇಬ್ಬರು ಯಜಮಾನರ ಸೇವಕ’ ನಾಟಕ ಆಡಲಿದೆ. ಅದರಲ್ಲಿ ಮುಖವಾಡ ತೊಡುವ ಸೇವಕ ಆರ್ಲೆಕಿನೊನ ವೇಷಭೂಷಣ ನನ್ನ ಪಾಲಿಗೆ ಬಂದಿದೆ. ಕೆಂಪು, ಹಸಿರು, ಹಳದಿ ಬಟ್ಟೆ ತಂದು ವಜ್ರದಾಕಾರದ 140 ತುಂಡು ಕತ್ತರಿಸಿಟ್ಟ ಮೇಲೆ ನಿರ್ದೇಶಕರು ಬಂದು, “ಇದು ಸರ್ಕಸ್ಸಿನ ಕೋಡಂಗಿಯ ಅಂಗಿ, ಆರ್ಲೆಕಿನೊನದಲ್ಲ” ಎಂದುಬಿಟ್ಟರು. ನಾನು ನೋಡಿದ ಚಿತ್ರಗಳಲ್ಲೆಲ್ಲ ವಜ್ರಗಳೇ ಇವೆ! ಇನ್ನೊಂದು ಪ್ರಶ್ನೆ: ಮುಖವಾಡದ ಹಣೆಯ ಮೇಲೆ ಬೋರೆಹಣ್ಣಿನಷ್ಟು ಗಂಟೊಂದಿದೆ. ಅದು ಏಕೆ? ಬಿಟ್ಟರೆ ನಡೆದೀತೇ?

ಹಳೆಪರದೆ:
ಕತ್ತರಿ ಕೆಳಗಿಡಿ, ನಿಮ್ಮ ನಿರ್ದೇಶಕರ ಮಾತಿನಲ್ಲಿ ಹುರುಳಿದೆ. ಈ ಪಾತ್ರವನ್ನು ಹೆಸರಿಗೆ ತಂದವನು ಇಟಲಿಯ ಮಾಂತುವಾ ಕಡೆಯ ನಟ ತ್ರಿಸ್ತಾನೊ ಮಾರ್ತಿನೆಲ್ಲಿ. ಅದೂ ಇಟಲಿಯಲ್ಲಲ್ಲ, 1580ರ ದಶಕದ ಪ್ಯಾರಿಸ್ಸಿನಲ್ಲಿ. ಆ ಕಾಲದ ಅಚ್ಚುಚಿತ್ರಗಳನ್ನು ನೋಡಿ: ಮೈಗಂಟಿದ ಉಡುಪಿನ ಮೇಲೆ ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ ತೇಪೆ, ಅಷ್ಟೇ. ಆಳುಮಗನ ಅಂಗಿ ಹರಿದ ಕಡೆ ತಾನೇ ತೇಪೆ ಬೀಳುವುದು? ಅವು ಒಪ್ಪವಾಗಿ ಸಾಲುಗಟ್ಟಿ ವಜ್ರಗಳಾದದ್ದು 17ನೆಯ ಶತಮಾನ ಕಳೆಯುತ್ತಾ ಬಂದಂತೆ. ಬಡತನ ಹೋಗಿ ಬೆಡಗು ಉಳಿಯಿತು. ನನಗಂತೂ ಹಳೆಯ ಚಿಂದಿಯೇ ಇಷ್ಟ.

ಗಂಟನ್ನು ಮಾತ್ರ ಬಿಡಬೇಡಿ. ಆರ್ಲೆಕಿನೊ ಹೆಸರಿನ ಬೇರನ್ನು ಅನೇಕ ವಿದ್ವಾಂಸರು ಫ್ರಾನ್ಸಿನ ಹಳೆಯ ಕಥೆಗಳ ಹೆಲ್ಲೆಕಿನ್ ಎಂಬ ದೆವ್ವದಲ್ಲಿ ಕಾಣುತ್ತಾರೆ. ರಾತ್ರಿ ಹೊತ್ತು ಸತ್ತವರ ದಂಡು ಕಟ್ಟಿಕೊಂಡು ತಿರುಗುವವನು ಅವನು. ಇಟಲಿಯ ಕವಿ ಡಾಂಟೆಯ ‘ನರಕ’ ಕಾವ್ಯದಲ್ಲೂ, 21ನೆಯ ಸರ್ಗದಲ್ಲಿ, ಅಲಿಕಿನೊ ಎಂಬ ದೆವ್ವ ಇದ್ದಾನೆ. ಗಂಟು ಎಂದರೆ ಮುರಿದ ಕೊಂಬಿನ ಬುಡ ಎಂಬುದು ರಂಗದವರಲ್ಲಿ ರೂಢಿಯಾದ ವಿವರಣೆ.

ಅಂದಹಾಗೆ, ಮಾರ್ತಿನೆಲ್ಲಿಯ ಕಿಲಾಡಿತನ ಕೇಳಿ. 1601ರ ಸುಮಾರಿಗೆ ಫ್ರಾನ್ಸಿನ ಲಿಯೋನ್‌ನಲ್ಲಿ ಆರ್ಲೆಕಿನೊ ಹೆಸರಿನಲ್ಲೇ ಭಾಷಣಕಲೆಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಒಳಗೆ ಬಹುಪಾಲು ಪುಟಗಳು ಖಾಲಿ! ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯಿಂದ ಚಿನ್ನದ ಸರ, ಪದಕ ಗಿಟ್ಟಿಸುವ ಹೂಟ ಅದು.

ಮೂರನೆಯಗಂಟೆ:
ಆರ್ಲೆಕಿನೊ ಇಟಲಿಯ ಬೆರ್ಗಾಮೊ ಊರಿನವನಲ್ಲವೇ? ನಾಟಕದಲ್ಲೇ ಹಾಗಿದೆಯಲ್ಲ.

ಹಳೆಪರದೆ:
ಕಥೆಯೊಳಗೆ ಬೆರ್ಗಾಮೊ, ಹುಟ್ಟಿದ್ದು ಪ್ಯಾರಿಸ್. ಹಳ್ಳಿಯಿಂದ ಬಂದ ಹಸಿದ ಆಳು ಎಂದರೆ ಬೆರ್ಗಾಮೊದವನು ಎಂಬುದು ಇಟಲಿಯ ಹಳೆಯ ಮುಖವಾಡದ ನಾಟಕಗಳ ವಾಡಿಕೆ. ಇನ್ನೂ ಸ್ವಾರಸ್ಯ ಬೇಕೇ? 1745ರಲ್ಲಿ ನಟ ಆಂತೋನಿಯೊ ಸಾಕ್ಕಿಗಾಗಿ ಗೋಲ್ಡೋನಿ ಬರೆದ ನಾಟಕದಲ್ಲಿ ಸೇವಕನ ಹೆಸರು ತ್ರುಫಾಲ್ದಿನೊ. ‘ಆರ್ಲೆಕಿನೊ’ ಶೀರ್ಷಿಕೆಗೇ ಏರಿದ್ದು 1947ರಲ್ಲಿ, ಮಿಲಾನಿನ ಪಿಕ್ಕೊಲೊ ರಂಗಮಂದಿರದಲ್ಲಿ ಜಾರ್ಜೊ ಸ್ಟ್ರೆಲರ್ ಅದನ್ನು ಆಡಿಸಿದಾಗ. ಆಗಿನ ನಟ ಮಾರ್ಚೆಲ್ಲೊ ಮೊರೆತ್ತಿಗೆ ಮುಖವಾಡ ಒಗ್ಗಲಿಲ್ಲ, ಮೊದಮೊದಲು ಮುಖಕ್ಕೆ ಬಣ್ಣ ಬಳಿದುಕೊಂಡೇ ಆಡಿದ. ಪಾದುವಾದ ಶಿಲ್ಪಿ ಅಮ್ಲೇತೊ ಸಾರ್ತೋರಿ ಹಳೆಯ ಕೈಚಳಕವನ್ನು ಮತ್ತೆ ಹುಡುಕಿಕೊಂಡು ತೊಗಲಿನಲ್ಲಿ ಹಗುರವಾಗಿ ಮಾಡಿಕೊಟ್ಟ ಮೇಲೆ ಅವನಿಗೆ ಒಗ್ಗಿತು. ಅವನ ನಂತರ ಬಂದ ಫೆರುಚ್ಚೊ ಸೊಲೇರಿ 2018ರವರೆಗೂ ಆ ಪಾತ್ರ ಬಿಡಲಿಲ್ಲ. ಆಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು!

ಸೂಜಿದಾರ:
ಧನ್ಯವಾದ. ನಿನ್ನೆ ರಾತ್ರಿ ಕುಳಿತು ವಜ್ರಗಳ ಮೂಲೆಗಳನ್ನೆಲ್ಲ ಓರೆಕೋರೆಯಾಗಿ ಕತ್ತರಿಸಿದೆ. ಮೊಣಕೈಗೆ ಎರಡು, ಮಂಡಿಗೆ ಮೂರು, ಕೂರುವ ಜಾಗಕ್ಕೆ ದೊಡ್ಡದೊಂದು. ನೂರಕ್ಕೂ ಹೆಚ್ಚು ಉಳಿದಿವೆ. ಗಂಟಿಗೆ ಬೋರೆಬೀಜದ ಮೇಲೆ ಕಾಗದ, ಮೈದಾ ಅಂಟು ಮೆತ್ತಿ ಒಣಗಲು ಇಟ್ಟಿದ್ದೇನೆ.