ಅಮ್ಮನ ಡಿಸ್ಕ್ ಸವೆದಿದೆಯಂತೆ, ವಾಕಿಂಗ್ ಹೋಗಬಹುದಾ?

ಪ್ರಶ್ನೆ (ಬಸವನಗುಡಿಯಿಂದ): ಮೇಡಂ, ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ. ಎರಡು ತಿಂಗಳಿಂದ ಸೊಂಟ ನೋವು. ಒಂದೊಂದು ಸಲ ಎಡಗಾಲಿಗೂ ಎಳೆಯುತ್ತದೆ. ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದು ಉಬ್ಬಿದೆ ಅಂತ ರಿಪೋರ್ಟ್ ಬಂತು. ಅವತ್ತಿನಿಂದ ಅಮ್ಮ ಮಂಚ ಬಿಟ್ಟು ಏಳುತ್ತಿಲ್ಲ. ದಿನಾ ಲಾಲ್‌ಬಾಗಿಗೆ ಹೋಗುತ್ತಿದ್ದವರು ಈಗ ಬಾಗಿಲಿಗೆ ರಂಗೋಲಿ ಹಾಕಲೂ ಹೆದರುತ್ತಾರೆ. ಬಗ್ಗಿದರೆ ಡಿಸ್ಕ್ ಜಾರಿಬಿಡುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ಇದನ್ನು ಅಮ್ಮನ ಹತ್ತಿರ ಕೇಳಿ. ಮೂತ್ರ ಕಟ್ಟುತ್ತಿದೆಯಾ, ಅಥವಾ ಹಿಡಿತ ತಪ್ಪಿದೆಯಾ? ತೊಡೆ ಸಂದಿಯಲ್ಲಿ ಜೋಮು ಇದೆಯಾ? ನಡೆಯುವಾಗ ಪಾದ ಎತ್ತಲು ಆಗದೆ ಎಳೆದುಕೊಂಡು ಹೋಗುತ್ತಾರಾ? ಯಾವುದೇ ಒಂದು ಇದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಇದ್ದರೆ, ಸುಮ್ನೆ ತೂಕ ಇಳಿದಿದ್ದರೆ, ಇತ್ತೀಚೆಗೆ ಬಿದ್ದಿದ್ದರೆ ಡಾಕ್ಟರ್‌ಗೆ ಬೇಗ ತೋರಿಸಿ.

ಇವೇನೂ ಇಲ್ಲದಿದ್ದರೆ ರಿಪೋರ್ಟ್ ನೋಡಿ ಹೆದರಬೇಡಿ. ಡಿಸ್ಕ್ ಅಂದರೆ ಒಳಗೆ ಎಳನೀರಿನ ಗಂಜಿಯಂಥ ತಿರುಳು, ಸುತ್ತ ಗಟ್ಟಿ ನಾರು. ವಯಸ್ಸಾದ ಹಾಗೆ ತಿರುಳಿನ ನೀರು ಇಂಗುತ್ತದೆ. ಡಿಸ್ಕ್ ತಗ್ಗುತ್ತದೆ, ಅಂಚು ಉಬ್ಬುತ್ತದೆ. 2015ರಲ್ಲಿ 33 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ನೋವೇ ಇಲ್ಲದ 60 ವರ್ಷದವರಲ್ಲಿ 88% ಜನಕ್ಕೆ ಡಿಸ್ಕ್ ಸವೆತ, 69% ಜನಕ್ಕೆ ಉಬ್ಬು ಇತ್ತು. ಅಮ್ಮನ ನೋವು ನಿಜ. ಆದರೆ ಎಂಆರ್‌ಐಯಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣ ಅಲ್ಲ.

"ಜಾರುತ್ತದೆ" ಅನ್ನುವ ಮಾತೇ ನನಗೆ ಬೇಸರ ತರಿಸುತ್ತದೆ. ಡಿಸ್ಕ್ ಮೇಲಿನ, ಕೆಳಗಿನ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸೋಪಿನ ಹಾಗೆ ಜಾರಿ ಹೋಗುವ ವಸ್ತು ಅಲ್ಲ. ಆ ಒಂದು ಮಾತಿಗೆ ಹೆದರಿ ಎಷ್ಟೋ ಜನ ಮಲಗಿಬಿಡುತ್ತಾರೆ. ಮಲಗಿದರೆ ಸೊಂಟದ ಸ್ನಾಯು ಸೊರಗುತ್ತದೆ, ನೋವು ಇನ್ನೂ ಜಾಸ್ತಿ ಆಗುತ್ತದೆ.

ನಾಳೆಯಿಂದ ಮನೆ ಮುಂದೆಯೇ ಐದು ನಿಮಿಷ ನಡೆಸಿ, ದಿನಕ್ಕೆ ಮೂರು ಸಲ. ಸ್ವಲ್ಪ ನೋವಾದರೂ ಪರವಾಗಿಲ್ಲ. ಮಾರನೇ ದಿನ ಜಾಸ್ತಿ ಆಗದಿದ್ದರೆ ನಿಧಾನಕ್ಕೆ ಹೆಚ್ಚಿಸಿ. ಲಾಲ್‌ಬಾಗಿನ ಬಂಡೆ ಹತ್ತುವುದು ಆಮೇಲೆ. ತುಂಬಿದ ಬಿಂದಿಗೆ ಎತ್ತುವ ಕೆಲಸ ಸದ್ಯಕ್ಕೆ ನೀವೇ ಮಾಡಿ.

ಮರುಪ್ರಶ್ನೆ: ಬೆಲ್ಟ್ ಹಾಕಿಸಲಾ ಮೇಡಂ? ನೆಲದ ಮೇಲೆ ಮಲಗಿಸಲಾ?

ಉತ್ತರ: ಬೆಲ್ಟ್ ಆಟೋದಲ್ಲಿ ಹಂಪ್ ದಾಟುವಾಗ ಸ್ವಲ್ಪ ಆರಾಮ ಕೊಡಬಹುದು. ಇಡೀ ದಿನ ಬೇಡ. ನೆಲ ಬೇಕಿಲ್ಲ, ಅಮ್ಮನಿಗೆ ನಿದ್ದೆ ಬರುವ ಹಾಸಿಗೆಯೇ ಸರಿ. ಕಾಲಿನ ಎಳೆತಕ್ಕೆ ಎರಡು ತಿಂಗಳಾಯಿತಲ್ವಾ? ಇನ್ನೂ ಕಡಿಮೆಯಾಗುತ್ತಿಲ್ಲ ಅಂದರೆ ಮೂಳೆ ಡಾಕ್ಟರ್ ಹತ್ತಿರ ಕಾಲಿನ ಶಕ್ತಿ, ಸ್ಪರ್ಶ ಪರೀಕ್ಷೆ ಮಾಡಿಸಿ. ಬರೀ ಫಿಲ್ಮ್ ತೋರಿಸಿ ವಾಪಸ್ ಬರಬೇಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ.

ರಂಗೋಲಿ ಹಾಕಲಿ. ಚಿಕ್ಕ ಮಣೆ ಮೇಲೆ ಕೂತು ಮೊದಲು ನಾಲ್ಕು ಎಳೆ ಸಾಕು.