ನಾಲ್ವರ ವಿನ್ಯಾಸ ಸಂಸ್ಥೆ ಸರ್ಕಾರಿ ಟೆಂಡರ್‌ಗೆ ಕೈ ಹಾಕಬಹುದೇ?

ಹುಬ್ಬಳ್ಳಿ ವಿನ್ಯಾಸಗಾರ್ತಿ
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸೇರಿ ವಿನ್ಯಾಸ ಸಂಸ್ಥೆ ನಡೆಸುತ್ತಿದ್ದೇವೆ. ಲೋಗೊ, ಪೊಟ್ಟಣದ ಲೇಬಲ್, ಅಂಗಡಿಗಳ ಕಿರುಜಾಹೀರಾತು ನಮ್ಮ ಕೆಲಸ. ರಾಜ್ಯದ ಇಲಾಖೆಯೊಂದು ಜಾಗೃತಿ ಅಭಿಯಾನಕ್ಕೆ ಕೆಪಿಪಿಪಿ ಎಂಬ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಟೆಂಡರ್ ಕರೆದಿದೆ: ಭಿತ್ತಿಪತ್ರ, ಎರಡು ಕಿರುಚಿತ್ರ, ಜೊತೆಗೆ ಬೀದಿನಾಟಕ. ಮೂರು ವರ್ಷಗಳ ಸರಾಸರಿ ವಹಿವಾಟು ಒಂದು ಕೋಟಿ ಇರಬೇಕಂತೆ. ನಮ್ಮದು ಮೂವತ್ತು ಲಕ್ಷ ದಾಟಿಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ಉದ್ಯಮ್ ನೋಂದಣಿ ಇದೆ; ಅದರಿಂದ ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಕಟ್ಟುವುದಾದರೂ ತಪ್ಪುತ್ತದೆಯೇ?

ಮೈಸೂರಿನ ಹಳಬ
ಉದ್ಯಮ್ ಪ್ರಮಾಣಪತ್ರ ಹಿಡಿದು ಹೋದರೆ ಎಲ್ಲ ಬಾಗಿಲೂ ತೆರೆಯುತ್ತದೆ ಎಂದು ಯಾರೋ ನಿಮ್ಮ ಕಿವಿಯಲ್ಲಿ ಊದಿರಬೇಕು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಇಎಂಡಿ ವಿನಾಯಿತಿ ಕೊಟ್ಟ 2012ರ ಆದೇಶ ಅನ್ವಯಿಸುವುದು ಕೇಂದ್ರದ ಸಚಿವಾಲಯಗಳಿಗೆ, ಕೇಂದ್ರೋದ್ಯಮಗಳಿಗೆ. ನಿಮ್ಮದು ರಾಜ್ಯದ ಖರೀದಿಗಳಿಗಿರುವ 1999ರ ಕೆಟಿಪಿಪಿ ಕಾಯ್ದೆಯಡಿಯ ಟೆಂಡರ್. ದಾಖಲೆಯಲ್ಲಿ ವಿನಾಯಿತಿ ಬರೆದಿದೆಯೇ ನೋಡಿ.

ನಾನಂತೂ ಮೊದಲು ತೆರೆಯುವುದು ಮೌಲ್ಯಮಾಪನದ ಪುಟವನ್ನು. ಗುಣಮಟ್ಟಕ್ಕಿಷ್ಟು, ದರಕ್ಕಿಷ್ಟು ಎಂದು ಅಂಕ ಹಂಚಿದ್ದರೆ ನಿಮ್ಮ ಕಲ್ಪನೆಗೆ ಬೆಲೆಯಿದೆ. ಕನಿಷ್ಠ ದರದವರಿಗೇ ಕೆಲಸ ಎಂದಿದ್ದರೆ ಫ್ಲೆಕ್ಸ್ ಮುದ್ರಿಸುವವನೂ ನೀವೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅವನು ಮುದ್ರಣದಲ್ಲಿ ಲಾಭ ಗಿಟ್ಟಿಸಿಕೊಂಡು ವಿನ್ಯಾಸಕ್ಕೆ ಬಿಡಿಗಾಸಿನ ದರ ನಮೂದಿಸುತ್ತಾನೆ. ಅವನೊಂದಿಗೆ ಗುದ್ದಾಡಿ ಗೆದ್ದರೂ ಅದು ಸೋಲೇ.

ವಹಿವಾಟಿನ ಷರತ್ತನ್ನು ಪ್ರೀ-ಬಿಡ್ ಸಭೆಗೆ (ಬಿಡ್ ಹಾಕುವ ಮುನ್ನ ಇಲಾಖೆ ಪ್ರಶ್ನೆಗಳಿಗೆ ಉತ್ತರಿಸುವ ಸಭೆ) ಮುಂಚೆ ಬರವಣಿಗೆಯಲ್ಲಿ ಪ್ರಶ್ನಿಸಿ. ಸಡಿಲಿಸಿದರೆ ತಿದ್ದುಪಡಿ ಪೋರ್ಟಲ್‌ನಲ್ಲೇ ಬರುತ್ತದೆ. ಫೋನಿನಲ್ಲಿ ಯಾರಾದರೂ "ಹಾಕಿ ಮೇಡಂ, ನೋಡೋಣ" ಎಂದರೆ ನಂಬಬೇಡಿ. ಅರ್ಹತೆ ನೋಡುವ ತಾಂತ್ರಿಕ ಲಕೋಟೆಯಲ್ಲಿ ಬಿದ್ದವರ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ.

ದಾವಣಗೆರೆ ಲೆಕ್ಕಿಗ
ಹಳಬರು ಹಣದ ಮಾತೆತ್ತಲಿಲ್ಲ. ಹತ್ತು ಲಕ್ಷದ ಬಿಲ್ ಕೊಟ್ಟಿರೆಂದುಕೊಳ್ಳಿ. ಶೇ 18ರಂತೆ 1,80,000 ರೂಪಾಯಿ ಜಿಎಸ್‌ಟಿ. ಇಲಾಖೆ ಹಣ ಕೊಡಲಿ ಬಿಡಲಿ, ಆ ಅವಧಿಯ ತೆರಿಗೆಯನ್ನು ನೀವು ಕಟ್ಟಲೇಬೇಕು. ಬೀದಿನಾಟಕದ ಕಲಾವಿದರು ಸಂಜೆಯೇ ಕೂಲಿ ಕೇಳುತ್ತಾರೆ, ವ್ಯಾನಿನವನೂ ಅಷ್ಟೇ. ಇಷ್ಟನ್ನು ಕೈಯಿಂದ ಹಾಕುವ ಶಕ್ತಿ ಇದೆಯೇ?

ಮೈಸೂರಿನ ಹಳಬ
ಸರಿಯಾದ ಮಾತು. ಸಣ್ಣ ಉದ್ಯಮಗಳಿಗಿರುವ 2006ರ ಎಂಎಸ್ಎಂಇ ಕಾಯ್ದೆಯ ಪ್ರಕಾರ ಹಣ ಕೊಡುವುದು 45 ದಿನ ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಬಾಕಿ ವಸೂಲಿಯ ಸರ್ಕಾರಿ ಪೋರ್ಟಲ್‌ನಲ್ಲಿ ದೂರನ್ನೂ ಕೊಡಬಹುದು. ಮುಂದಿನ ವರ್ಷ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕಾದವರು ಎಷ್ಟು ಮಂದಿ ಕೊಡುತ್ತಾರೋ, ಅದು ಬೇರೆ ಮಾತು. ಉಪಗುತ್ತಿಗೆಗೆ ಅವಕಾಶವಿದ್ದರೆ ದೊಡ್ಡವರ ಕೆಳಗೆ ಕಿರುಚಿತ್ರವನ್ನಷ್ಟೇ ಹಿಡಿಯಿರಿ. ಮುಂಗಡ ತೆಗೆದುಕೊಳ್ಳಿ, ಕೆಲಸ ಮುಗಿದ ಪ್ರಮಾಣಪತ್ರದಲ್ಲಿ ನಿಮ್ಮ ಸಂಸ್ಥೆಯ ಹೆಸರಿರಬೇಕೆಂದು ಒಪ್ಪಂದದಲ್ಲೇ ಬರೆಸಿ.

ಹುಬ್ಬಳ್ಳಿ ವಿನ್ಯಾಸಗಾರ್ತಿ
ಪುಟ ತೆರೆದು ನೋಡಿದೆ ಸರ್, ಕನಿಷ್ಠ ದರವೇ. ಬಿಡ್ ಹಾಕುವುದಿಲ್ಲ. ಉಪಗುತ್ತಿಗೆಗೆ ಅವಕಾಶವಿದೆ, ಬೆಳಗಾವಿಯ ಪರಿಚಿತರೊಬ್ಬರು ಭಾಗವಹಿಸುತ್ತಿದ್ದಾರೆ. ಕಿರುಚಿತ್ರಗಳ ದರಪಟ್ಟಿಯನ್ನು ಇವತ್ತೇ ಅವರಿಗೆ ಕಳುಹಿಸುತ್ತೇನೆ. ಮುಂಗಡ ಶೇ 40 ಕೇಳಿದರೆ ಹೆಚ್ಚಾಯಿತೇ?